ಕೊನೆಯ ಗಳಿಗೆಯ ಸವಾಲು

ತಪ್ಪಿಗೆ ದಂಡ ತೆರುವುದು ಲೋಕರೂಢಿ. ತಪ್ಪಿಗೇ ಬೆಲೆ ಬರುವುದು ಅಪೂರ್ವ. 1955ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಒಂದು ಸೆಂಟಿನ ಅಚ್ಚನ್ನು ತಯಾರಿಸುವಾಗ, ಮೂಲಮುದ್ರೆಯ ಎರಡು ಒತ್ತುಗಳು ಒಂದರ ಮೇಲೊಂದು ಸರಿಯಾಗಿ ಕೂಡಲಿಲ್ಲ. ಆ ಅಚ್ಚಿನಿಂದ ಹೊರಟ ನಾಣ್ಯಗಳಲ್ಲಿ ಇಸವಿಯೂ ಅಕ್ಷರಗಳೂ ಜೋಡಿಯಾಗಿ ಮೂಡಿದುವು. ಚೆನ್ನಾಗಿ ಉಳಿದುಬಂದಿರುವ ಅಂಥ ನಾಣ್ಯಕ್ಕೆ ಇಂದು ಸಾವಿರ ಡಾಲರಿಗೂ ಮೀರಿದ ಬೆಲೆಯುಂಟು.

ಇಂಥ ನಾಣ್ಯಗಳು 1995ರಲ್ಲಿ ಸ್ಥಾಪಿತವಾದ ಈಬೇಯಂಥ ಅಂತರ್ಜಾಲದ ಹರಾಜುಕಟ್ಟೆಗಳಿಗೆ ಬರುತ್ತವೆ. ಅಲ್ಲಿ ಹಲವು ದಿನ ಮೌನವಾಗಿದ್ದವರು ಕಟ್ಟಕಡೆಯ ಕೆಲವು ಸೆಕೆಂಡುಗಳಲ್ಲಿ ಸವಾಲು ಹಾಕುವುದನ್ನು ನಾವು ಕಾಣುತ್ತೇವೆ. ಹೀಗೇಕೆ?

ಮೊದಲು ನಿಯಮವನ್ನು ತಿಳಿಯೋಣ. ಕೊಳ್ಳುವವನು ತನ್ನ ಗರಿಷ್ಠ ಬೆಲೆಯನ್ನು ಗುಟ್ಟಾಗಿ ಯಂತ್ರಕ್ಕೆ ಒಪ್ಪಿಸುತ್ತಾನೆ. ಎದುರಾಳಿಯನ್ನು ಮೀರಿಸಲು ಬೇಕಾದಷ್ಟನ್ನು ಮಾತ್ರ ಯಂತ್ರವು ಅವನ ಪರವಾಗಿ ಕೂಗುತ್ತದೆ. ಗೆದ್ದವನು ತೆರುವುದು ಎರಡನೆಯವನ ಗರಿಷ್ಠಕ್ಕಿಂತ ಸ್ವಲ್ಪವೇ ಹೆಚ್ಚು. ಇಂಥ ಗುಪ್ತ ಹರಾಜಿನಲ್ಲಿ ತನಗೆ ನಿಜವಾಗಿ ತೋರಿದ ಬೆಲೆಯನ್ನೇ ಬರೆಯುವುದು ಲೇಸೆಂದು ವಿಲಿಯಂ ವಿಕ್ರಿ 1961ರಲ್ಲಿ ತೋರಿಸಿದರು. ಹಾಗಿದ್ದರೆ ಕಾಯುವುದರಿಂದ ಲಾಭವೇನು?

ಎಲ್ಲರೂ ಮೊದಲೇ ಯೋಚಿಸಿರುವುದಿಲ್ಲವೆಂಬುದೇ ಉತ್ತರ. ಹೊಸಬನೊಬ್ಬನು 1,200 ಡಾಲರು ಕೊಡಬಲ್ಲನಾದರೂ, ಬೇಕಾದರೆ ಏರಿಸೋಣವೆಂದು 300 ಮಾತ್ರ ಬರೆದಿರಲಿ. ಅನುಭವಿಯು 1,500ನ್ನು ಮೊದಲ ದಿನವೇ ಬರೆದರೆ ಹೊಸಬನು ಏರಿಸುತ್ತ 1,200ಕ್ಕೆ ಬರುತ್ತಾನೆ. ಅನುಭವಿಯು ಅದಕ್ಕೂ ಮೇಲೆ ತೆರಬೇಕು. ಕೊನೆಯ ಕ್ಷಣದಲ್ಲಿ ಬರೆದರೋ, ನಾಣ್ಯವು 300ಕ್ಕಿಂತ ಸ್ವಲ್ಪ ಹೆಚ್ಚಿಗೇ ಅವನದಾಗುತ್ತದೆ.

ಮತ್ತೊಂದು ಕಾರಣವೂ ಉಂಟು. ಅದೇ 1955ರ ಸವೆದ ಅಚ್ಚುಗಳಿಂದಲೂ ಇಸವಿಯ ಕೊನೆಯ ಅಂಕಿ ಜೋಡಿಯಂತೆ ತೋರುವ ನಾಣ್ಯಗಳು ಬಂದಿವೆ, ಅವು ಅಗ್ಗ. ಖೋಟಾ ನಾಣ್ಯಗಳೂ ಇವೆ. ಬಲ್ಲವನು ಬೇಗ ಸವಾಲು ಹಾಕಿದರೆ, ಇದು ಅಸಲಿ ಎಂದು ಉಳಿದವರಿಗೆ ಸಾರಿದಂತಾಗುತ್ತದೆ.

ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಇದನ್ನು ವಿವರಿಸಿದರು. ಅಮೆಜಾನ್ ಆಗ ನಡೆಸುತ್ತಿದ್ದ ಹರಾಜಿನಲ್ಲಿ, ಕೊನೆಯ ಹತ್ತು ನಿಮಿಷಗಳಲ್ಲಿ ಸವಾಲು ಬಂದರೆ ಮುಕ್ತಾಯವೇ ಮುಂದಕ್ಕೆ ಹೋಗುತ್ತಿತ್ತು. ಅಲ್ಲಿ ಕೊನೆಗಳಿಗೆಯ ಸವಾಲು ಈಬೇಗಿಂತ ವಿರಳವಾಗಿತ್ತು; ಪುರಾತನ ವಸ್ತುಗಳಲ್ಲಿ ಅದು ಗಣಕಯಂತ್ರಗಳಿಗಿಂತ ಹೆಚ್ಚಾಗಿತ್ತು. ಮನುಷ್ಯರ ನಡತೆಯನ್ನು ಗಡಿಯಾರದ ನಿಯಮವು ತಿದ್ದಿತೆಂದೇ ಹೇಳಬೇಕು.

ಕಾಯುವವನಿಗೂ ಅಪಾಯವಿದೆ: ಸಂಪರ್ಕ ತಡವಾದರೆ ಸವಾಲು ಸೇರುವುದೇ ಇಲ್ಲ. ಹೊಸಬನಿಗೆ ರಕ್ಷೆಯೂ ಇದೆ. ಅವನು 1,200ನ್ನು ಮೊದಲೇ ಬರೆದಿದ್ದರೆ, ಅನುಭವಿಯು ಎಷ್ಟು ಕಾದರೂ 300ಕ್ಕೆ ನಾಣ್ಯ ದಕ್ಕುತ್ತಿರಲಿಲ್ಲ. ಆದುದರಿಂದ ನಾಣ್ಯವನ್ನು ಪರೀಕ್ಷಿಸಿ, ನಮ್ಮ ಮಿತಿಯನ್ನು ಶಾಂತಚಿತ್ತದಿಂದ ಮೊದಲೇ ಗೊತ್ತುಮಾಡಿಕೊಳ್ಳೋಣ. ಅದನ್ನು ಮೀರಿ ಬೇರೊಬ್ಬನು ಗೆದ್ದರೆ, ಸೋತೆವೆಂದು ಮರುಗಬೇಕಾದ ಕಾರಣವಿಲ್ಲ.