ಬೆನ್ನುಹುರಿಯ ತೂಬು

ಕಳೆದ ವರ್ಷದ ಮಾತು. ನನ್ನ ಭಾವನವರ ಎದೆಯೊಳಗೆ ಮಹಾಧಮನಿ ಉಬ್ಬಿಕೊಂಡಿದೆ, ಶಸ್ತ್ರಚಿಕಿತ್ಸೆ ಆಗಲೇಬೇಕು ಎಂದು ವೈದ್ಯರು ತಿಳಿಸಿದಾಗ ಜೊತೆಯಲ್ಲಿದ್ದವನು ನಾನು. ಹಳಗನ್ನಡ ಕಾವ್ಯಗಳಿಗೆ ಅರ್ಥ ಹೇಳಿಕೊಂಡು ಇಪ್ಪತ್ತು ವರ್ಷ ಕಳೆದವನಿಗೆ ಅಲ್ಲಿ ಏನು ತಿಳಿದೀತು? ಆದರೂ ಮನೆಯಲ್ಲಿ ನನಗೆ ‘ಎಂ.ಎ. ಓದಿದವನು’ ಎಂಬ ಬಿರುದಿದೆ. ವೈದ್ಯರ ಮಾತಿಗೆಲ್ಲ ಭಾಷ್ಯ ಬರೆಯುವ ಹೊಣೆ ನನ್ನ ಪಾಲಿಗೆ ಬಂದಿತು.

ಉಬ್ಬಿದ ಭಾಗವನ್ನು ತೆರೆದು ಅಲ್ಲಿ ಬಟ್ಟೆಯ ಕೊಳವೆಯೊಂದನ್ನು ಹೊಲಿದು ಕೂರಿಸುತ್ತಾರಂತೆ. ಭಾವನವರು ಇದನ್ನು ನಿರಾತಂಕವಾಗಿ ಕೇಳಿದರು. ವೈದ್ಯರು ಸ್ವಲ್ಪ ತಡೆದು, “ಇನ್ನೊಂದು ಅಪಾಯವನ್ನೂ ಹೇಳಬೇಕು. ಎರಡೂ ಕಾಲುಗಳು ಸ್ವಾಧೀನ ತಪ್ಪಬಹುದು” ಎಂದರು. ನಿತ್ಯವೂ ನಸುಕಿನಲ್ಲೆದ್ದು ಅಡಿಕೆ ತೋಟವನ್ನು ಒಂದು ಸುತ್ತು ಹಾಕಿ ಬಂದ ಮೇಲೆಯೇ ಕಾಫಿ ಮುಟ್ಟುವ ಮನುಷ್ಯ ಅವರು. “ಎದೆಗೆ ಕತ್ತಿ ಹಾಕಿದರೆ ಕಾಲು ಏಕೆ ಹೋಗಬೇಕು?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ.

ಹೃದಯದಿಂದ ಹೊರಟ ಮಹಾಧಮನಿ ಬೆನ್ನುಮೂಳೆಯನ್ನು ಒತ್ತಿಕೊಂಡು ಹೊಟ್ಟೆಯತ್ತ ಇಳಿಯುತ್ತದೆ. ದಾರಿಯುದ್ದಕ್ಕೂ ಜೋಡಿಜೋಡಿಯಾಗಿ ಕವಲೊಡೆದು ಪಕ್ಕೆಲುಬುಗಳ ಸಂದಿಗೆ ರಕ್ತ ಕಳಿಸುತ್ತದೆ. ಈ ಕವಲುಗಳಲ್ಲಿ ಕೆಲವೇ ಕೆಲವು ಒಳಕ್ಕೆ ತಿರುಗಿ ಬೆನ್ನುಹುರಿಯನ್ನು ಮುಟ್ಟುತ್ತವೆ. ಹುರಿಯ ಮುಂಭಾಗದಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ಒಂದು ನಾಳವಿದೆ. ಹುರಿಯ ಮೂರರಲ್ಲಿ ಎರಡು ಪಾಲು ಅದನ್ನೇ ನೆಚ್ಚಿಕೊಂಡಿದೆ. ಅದರ ಕೆಳಭಾಗಕ್ಕೆ, ಎಂದರೆ ಕಾಲುಗಳನ್ನು ಆಡಿಸುವ ಭಾಗಕ್ಕೆ, ರಕ್ತ ಒದಗಿಸುವ ಪ್ರಧಾನ ಕವಲಿನ ದಪ್ಪ ಸುಮಾರು ಒಂದು ಮಿಲಿಮೀಟರು. ನಾನು ಭಾವನವರಿಗೆ ಊರಿನ ಕೆರೆಯ ತೂಬನ್ನು ನೆನಪಿಸಿದೆ. ಏರಿಯನ್ನು ಭದ್ರಪಡಿಸಹೋಗಿ ತೂಬನ್ನೇ ಮುಚ್ಚಿಬಿಟ್ಟರೆ ಕೆಳಗಿನ ಗದ್ದೆ ಒಣಗದೆ ಇದ್ದೀತೆ?

ಈ ಕವಲಿಗೆ ಆಲ್ಬರ್ಟ್ ಆದಮ್‌ಕ್ಯೇವಿಚ್ ಎಂಬ ಪೋಲಿಷ್ ವಿದ್ವಾಂಸನ ಹೆಸರಿದೆ. ಕ್ರಾಕೋವ್ ನಗರದಲ್ಲಿ ಪ್ರಾಧ್ಯಾಪಕನಾಗಿದ್ದ ಈತನು ಬೆನ್ನುಹುರಿಯ ರಕ್ತನಾಳಗಳನ್ನು ಕುರಿತ ತನ್ನ ಅಧ್ಯಯನವನ್ನು ೧೮೮೧ ಮತ್ತು ೧೮೮೨ರಲ್ಲಿ ಪ್ರಕಟಿಸಿದನು. ಮುಂದೆ ಕ್ಯಾನ್ಸರಿಗೆ ಒಂದು ಪರೋಪಜೀವಿ ಕಾರಣವೆಂದೂ ಅದಕ್ಕೆ ತನ್ನಲ್ಲಿ ಮದ್ದಿದೆಯೆಂದೂ ಸಾರಿದನು. ಅದು ವಿದ್ವಾಂಸರ ಮುಂದೆ ನಿಲ್ಲಲಿಲ್ಲ. ಕ್ರಾಕೋವನ್ನು ಬಿಟ್ಟು ವಿಯೆನ್ನಾ ಸೇರಿ, ೧೯೨೧ರಲ್ಲಿ ಅಲ್ಲಿಯೇ ತೀರಿಕೊಂಡನು. ಆ ಮದ್ದನ್ನು ಇಂದು ಕೇಳುವವರಿಲ್ಲ. ನೂಲಿನಂಥ ಈ ನಾಳ ಮಾತ್ರ ಅವನ ಹೆಸರನ್ನು ಹೊತ್ತುಕೊಂಡಿದೆ.

ತೊಡಕೆಂದರೆ, ಈ ತೂಬು ಎಲ್ಲರಲ್ಲಿಯೂ ಒಂದೇ ಎಡೆಯಲ್ಲಿ ಇರುವುದಿಲ್ಲ. ನಾಲ್ವರಲ್ಲಿ ಮೂವರಿಗೆ ಎಡಗಡೆ, ಉಳಿದವರಿಗೆ ಬಲಗಡೆ. ಸಾಮಾನ್ಯವಾಗಿ ಎದೆಯ ಭಾಗದ ಒಂಬತ್ತರಿಂದ ಹನ್ನೆರಡನೆಯ ಬೆನ್ನೆಲುಬುಗಳ ಮಟ್ಟದಲ್ಲಿ ಹುಟ್ಟುತ್ತದೆ. ಕೆಲವರಲ್ಲಿ ಇನ್ನೂ ಮೇಲೆ, ಕೆಲವರಲ್ಲಿ ಸೊಂಟದ ಬಳಿ. ಆದ್ದರಿಂದ ಕತ್ತಿ ಹಿಡಿಯುವ ಮೊದಲೇ ಅದನ್ನು ಚಿತ್ರದಲ್ಲಿ ಹುಡುಕುವ ಪ್ರಯತ್ನ ಮೊದಲಾಯಿತು. ೧೯೬೦ರ ದಶಕದಲ್ಲಿ ಪ್ಯಾರಿಸಿನ ಜಿಂಜಿಯಾನ್ ಮೊದಲಾದವರು ಬೆನ್ನುಹುರಿಯ ನಾಳಗಳಿಗೆ ಬಣ್ಣದ ದ್ರವ ಹಾಯಿಸಿ ಕ್ಷ-ಕಿರಣದಲ್ಲಿ ನೋಡುವ ವಿಧಾನವನ್ನು ಬೆಳೆಸಿದರು. ಅದೇ ನಗರದ ಶಸ್ತ್ರವೈದ್ಯ ಕೀಫೆರ್ ಮತ್ತು ಅವರ ಸಂಗಡಿಗರು ಮಹಾಧಮನಿಯ ರೋಗಿಗಳಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ಅದನ್ನು ಬಳಸಿ, ೧೯೮೯ರಲ್ಲಿ ನಲವತ್ತೈದು ರೋಗಿಗಳ ಅನುಭವವನ್ನು ಪ್ರಕಟಿಸಿದರು. ತೊಡೆಯ ಸಂದಿಯಿಂದ ಸಣ್ಣ ನಳಿಕೆಯನ್ನು ಏರಿಸಿ ಒಂದೊಂದೇ ಕವಲಿನ ಬಾಯಿಯನ್ನು ಹುಡುಕುವ ಕೆಲಸವದು. ಧಮನಿಯ ಗೋಡೆಗೆ ಅಂಟಿದ ಕಸರು ನಳಿಕೆ ತಗುಲಿ ಕಳಚಿ ಹರಿದರೆ, ಯಾವ ಅನರ್ಥವನ್ನು ತಪ್ಪಿಸಬೇಕೆಂದು ಹೊರಟರೋ ಅದೇ ಒದಗಬಹುದು.

ಈಗ ತೋಳಿನ ರಕ್ತನಾಳಕ್ಕೆ ದ್ರವ ಕೊಟ್ಟು ಸಿ.ಟಿ. ಅಥವಾ ಎಂ.ಆರ್. ಯಂತ್ರದಲ್ಲಿ ಚಿತ್ರ ತೆಗೆಯುತ್ತಾರೆ. ವೈದ್ಯರು ಪರದೆಯ ಮೇಲೆ ನಮಗೆ ತೋರಿಸಿದರು. ನಾಳ ಮೇಲಕ್ಕೇರಿ, ಹುರಿಯನ್ನು ಮುಟ್ಟಿದ ಕೂಡಲೇ ಹೆಂಗಸರ ಹೇರ್‌ಪಿನ್ನಿನಂತೆ ಬಾಗಿ ಕೆಳಕ್ಕಿಳಿಯುತ್ತದೆ. ಗುರುತಿಸುವುದು ಸುಲಭವೆಂದುಕೊಂಡೆ. ಆದರೆ ಪಕ್ಕದಲ್ಲೇ ರಕ್ತವನ್ನು ಹಿಂದಕ್ಕೊಯ್ಯುವ ಅಭಿಧಮನಿಯೊಂದು ಹೆಚ್ಚುಕಡಿಮೆ ಹಾಗೆಯೇ ಬಾಗುತ್ತದಂತೆ. ಯಾವುದರಲ್ಲಿ ದ್ರವ ಮೊದಲು ಕಾಣಿಸಿತು, ಮಹಾಧಮನಿಯವರೆಗೆ ಗೆರೆ ಕಡಿಯದೆ ಸಾಗುತ್ತದೆಯೆ ಎಂಬುದನ್ನು ನೋಡಿ ನಿರ್ಧರಿಸಬೇಕು. ಓಲೆಗರಿಯಲ್ಲಿ ಸವೆದ ಅಕ್ಷರಗಳನ್ನು ನೋಡಿ ಕಣ್ಣು ಕೆಡಿಸಿಕೊಂಡವನಿಗೆ ಈ ಕಷ್ಟ ತಕ್ಷಣ ಅರ್ಥವಾಯಿತು.

“ಇದು ಸಿಕ್ಕಿದರೆ ನನ್ನ ಕಾಲು ಉಳಿದ ಹಾಗೆಯೋ?” ಎಂದರು ಭಾವ. ವೈದ್ಯರು ಹೌದೆನ್ನಲಿಲ್ಲ. ಹ್ಯೂಸ್ಟನ್ನಿನ ಕ್ರಾಫರ್ಡ್ ಅವರ ತಂಡ ೧೯೯೩ರಲ್ಲಿ ಪ್ರಕಟಿಸಿದ ೧೫೦೯ ರೋಗಿಗಳ ಲೆಕ್ಕದಲ್ಲಿ ನೂರಕ್ಕೆ ಹದಿನಾರು ಮಂದಿಗೆ ಕಾಲಿನ ಶಕ್ತಿ ಕುಂದಿತ್ತು ಅಥವಾ ಪೂರ್ತಿ ಹೋಗಿತ್ತು. ಆಮೇಲೆ ಚಿಕಿತ್ಸೆ ಸುಧಾರಿಸಿದೆ. ಹುರಿಯ ಸುತ್ತಲಿನ ದ್ರವವನ್ನು ಬಸಿದು ಒತ್ತಡವನ್ನು ತಗ್ಗಿಸುವ ಕ್ರಮವನ್ನು ಅದೇ ನಗರದ ಕೊಸೆಲ್ಲಿ ೧೪೫ ಮಂದಿಯಲ್ಲಿ ಪರೀಕ್ಷಿಸಿ ೨೦೦೨ರಲ್ಲಿ ವರದಿ ಮಾಡಿದರು: ಬಸಿಯದವರಲ್ಲಿ ನೂರಕ್ಕೆ ಹದಿಮೂರು, ಬಸಿದವರಲ್ಲಿ ಮೂರಕ್ಕಿಂತ ಕಡಿಮೆ. ನ್ಯೂಯಾರ್ಕಿನ ಗ್ರೀಪ್ ಅವರಂತೂ ಒಂದು ನಾಳವನ್ನೇ ನೆಚ್ಚುವುದು ತಪ್ಪು, ಬೆನ್ನಿನ ಸ್ನಾಯುಗಳ ಸಣ್ಣ ನಾಳಗಳೆಲ್ಲ ಕೂಡಿ ಹೆಣೆದ ಬಲೆಯೇ ಹುರಿಯನ್ನು ಕಾಯುತ್ತದೆ ಎಂದು ವಾದಿಸಿದರು. ಇದರಿಂದಾಗಿ ಚಿತ್ರವೇ ಬೇಡವೆನ್ನುವ ವೈದ್ಯರೂ ಇದ್ದಾರೆ. ನನ್ನ ಅಲ್ಪಮತಿಗೆ ಅದು ಸರಿಯೆನಿಸಲಿಲ್ಲ. ಊರಿಗೆ ನೂರು ಬಾವಿ ಇದ್ದರೂ ತೂಬು ಎಲ್ಲಿದೆಯೆಂದು ತಿಳಿದೇ ಏರಿಯನ್ನು ಅಗೆಯುವುದು ಲೇಸಲ್ಲವೆ?

ಭಾವನವರ ನಾಳ ಎಡಗಡೆ, ಹತ್ತನೆಯ ಬೆನ್ನೆಲುಬಿನ ಮಟ್ಟದಲ್ಲಿ ಸಿಕ್ಕಿತು. ಆ ಕವಲನ್ನು ಹೊಸ ಕೊಳವೆಗೆ ಸೇರಿಸಿ ಹೊಲಿಯುವುದೆಂದು ಗೊತ್ತಾಯಿತು. ಹಿಂದಿನ ರಾತ್ರಿ ಒಪ್ಪಿಗೆಯ ಕಾಗದ ಬಂದಾಗ ಅವರು ಲೇಖನಿಯನ್ನು ಬಹಳ ಹೊತ್ತು ಹಿಡಿದುಕೊಂಡೇ ಇದ್ದರು. “ಸಾಯುವುದಕ್ಕೆ ನನ್ನ ಒಪ್ಪಿಗೆ ಇದೆ ಮಾರಾಯ, ಮಲಗಿಕೊಂಡಿರುವುದಕ್ಕೆ ಇಲ್ಲ. ಇದರಲ್ಲಿ ಹಾಗೆ ಬರೆಯಲು ಜಾಗವೇ ಇಲ್ಲವಲ್ಲ” ಎಂದರು. ನಾನು ಏನೂ ಹೇಳಲಿಲ್ಲ. ಅವರು ರುಜು ಹಾಕಿದರು.

ಶಸ್ತ್ರಚಿಕಿತ್ಸೆಯ ನಂತರವೂ, ಗಂಟೆಗಳು ದಿನಗಳು ಕಳೆದ ಮೇಲೆ ಕಾಲು ಸೋಲುವುದುಂಟಂತೆ. ಅದಕ್ಕಾಗಿ ರಕ್ತದ ಒತ್ತಡ ಇಳಿಯದಂತೆ ಕಾಯುತ್ತ, ಗಂಟೆಗೊಮ್ಮೆ ದಾದಿ ಬಂದು, “ಬೆರಳು ಆಡಿಸಿ ನೋಡೋಣ” ಎನ್ನುತ್ತಿದ್ದರು. ಅಕ್ಕ ಹೊದಿಕೆಯ ತುದಿಯನ್ನೇ ನೋಡುತ್ತ ಕುಳಿತಿರುತ್ತಿದ್ದಳು. ನಾಲ್ಕನೆಯ ದಿನ ಬೆಳಗಿನ ಜಾವ ದಾದಿ ಬರುವುದಕ್ಕೆ ಮೊದಲೇ ಭಾವನವರು ಕಣ್ಣು ತೆರೆದು, ತೋಟಕ್ಕೆ ನೀರು ಬಿಟ್ಟರೋ ಇಲ್ಲವೋ ಎಂದು ಕೇಳಿದರು. ಬಿಟ್ಟಿದ್ದಾರೆ ಎಂದೆ. ಹೊದಿಕೆಯ ಕೆಳಗೆ ಎರಡು ಹೆಬ್ಬೆರಳುಗಳು ಅಲ್ಲಾಡಿದವು.