ನೋವಿನ ಹಾಡು, ಬಿಡುಗಡೆಯ ನಿರೀಕ್ಷೆ: ಅಮೆರಿಕದ ಗುಲಾಮರ ಸ್ಪಿರಿಚುವಲ್‌ಗಳು

ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಲ್ಲಿ ಹತ್ತಿ, ತಂಬಾಕು ಹಾಗೂ ಭತ್ತದ ತೋಟಗಳಲ್ಲಿ ದುಡಿಯುತ್ತಿದ್ದ ಆಫ್ರಿಕಾ ಮೂಲದ ಗುಲಾಮರು ಕಟ್ಟಿ ಹಾಡಿದ ಧಾರ್ಮಿಕ ಗೀತೆಗಳಿಗೆ ‘ಸ್ಪಿರಿಚುವಲ್’ ಎಂಬ ಹೆಸರು ರೂಢಿಯಲ್ಲಿದೆ. 1860ರ ಜನಗಣತಿಯ ಪ್ರಕಾರ ಆ ದೇಶದಲ್ಲಿ ಸುಮಾರು 39.5 ಲಕ್ಷ ಗುಲಾಮರಿದ್ದರು. ಇವರಲ್ಲಿ ಬಹುಪಾಲು ಜನರಿಗೆ ಓದುಬರಹದ ಅವಕಾಶವೇ ಇರಲಿಲ್ಲ. ಆದುದರಿಂದ ಕ್ರೈಸ್ತಧರ್ಮವನ್ನು ಅವರು ಹೇಗೆ ಗ್ರಹಿಸಿದರು, ತಮ್ಮ ಸಂಕಟಕ್ಕೆ ಅದರಲ್ಲಿ ಯಾವ ಅರ್ಥವನ್ನು ಕಂಡುಕೊಂಡರು ಎಂಬುದನ್ನು ತಿಳಿಯಲು ಈ ಹಾಡುಗಳೇ ಮುಖ್ಯ ಆಕರಗಳಾಗಿವೆ.

ಈ ಧರ್ಮವು ಗುಲಾಮರಿಗೆ ಬಂದುದು ಒಡೆಯರ ಕೈಯಿಂದ ಎಂಬುದನ್ನು ಮರೆಯುವಂತಿಲ್ಲ. ದೀಕ್ಷಾಸ್ನಾನ ಪಡೆದ ಮಾತ್ರಕ್ಕೆ ಗುಲಾಮನು ಸ್ವತಂತ್ರನಾಗುವುದಿಲ್ಲವೆಂದು ವರ್ಜೀನಿಯಾ 1667ರಲ್ಲಿಯೇ ಕಾನೂನು ಮಾಡಿತು. ಬ್ರಿಟಿಷ್ ಒಡೆತನದ ಕೆರಿಬಿಯನ್ ದ್ವೀಪಗಳ ಗುಲಾಮರಿಗಾಗಿ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಆಯ್ದ ಭಾಗಗಳ ಬೈಬಲ್ಲಿನಲ್ಲಿ, ಇಸ್ರಾಯೇಲ್ಯರು ಐಗುಪ್ತದ ದಾಸ್ಯದಿಂದ ಹೊರಬಂದ ಕಥೆಯನ್ನೇ ಕೈಬಿಡಲಾಗಿತ್ತು. ದಾಸರು ಒಡೆಯರಿಗೆ ವಿಧೇಯರಾಗಿರಬೇಕೆಂಬ ಪೌಲನ ಪತ್ರಿಕೆಗಳ ಮಾತುಗಳು ಮಾತ್ರ ಅಮೆರಿಕದ ತೋಟಗಳ ಉಪದೇಶಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಗುಲಾಮರು ಇದನ್ನು ತಲೆಬಾಗಿ ಒಪ್ಪಿಕೊಂಡರೆಂದು ತಿಳಿಯುವುದು ತಪ್ಪಾಗುತ್ತದೆ. ಜಾರ್ಜಿಯಾದ ಬೋಧಕ ಚಾರ್ಲ್ಸ್ ಕಾಲ್ಕಾಕ್ ಜೋನ್ಸ್ ಫಿಲೆಮೋನನಿಗೆ ಬರೆದ ಪತ್ರಿಕೆಯನ್ನು ಆಧಾರವಾಗಿಟ್ಟುಕೊಂಡು, ಓಡಿಹೋಗುವುದು ಪಾಪವೆಂದು ಬೋಧಿಸಿದಾಗ ಕೇಳುಗರಲ್ಲಿ ಅರ್ಧದಷ್ಟು ಮಂದಿ ಎದ್ದು ನಡೆದರು. ಇದನ್ನು ಆತನೇ ದಾಖಲಿಸಿದ್ದಾನೆ. ಗುಲಾಮರ ಪರವಾಗಿ ಮಾತಾಡುವ ಯಾವ ಹಂಗೂ ಇಲ್ಲದವನ ಹೇಳಿಕೆಯಾದುದರಿಂದ ಇದಕ್ಕೆ ಹೆಚ್ಚಿನ ಬೆಲೆಯಿದೆ.

ಹಾಗೆ ಎದ್ದು ಹೋದವರ ನಂಬಿಕೆ ಬೆಳೆದುದು ಬೇರೆಡೆ. ರಾತ್ರಿಯ ವೇಳೆ ಕಾಡಿನ ಮರೆಯಲ್ಲಿ, ತಗ್ಗುಗಳಲ್ಲಿ, ಗುಡಿಸಲುಗಳಲ್ಲಿ ಅವರು ಗುಟ್ಟಾಗಿ ಕೂಡುತ್ತಿದ್ದರು. 1831ರಲ್ಲಿ ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್ ಎಂಬ ಗುಲಾಮ ಬೋಧಕನ ನೇತೃತ್ವದಲ್ಲಿ ದಂಗೆಯಾದ ಮೇಲೆ ಕಪ್ಪು ಜನರ ಸ್ವತಂತ್ರ ಪ್ರಾರ್ಥನಾ ಕೂಟಗಳ ಮೇಲೆ ನಿರ್ಬಂಧಗಳು ಬಿಗಿಯಾದವು. ಆದರೂ ಕೂಟಗಳು ನಿಲ್ಲಲಿಲ್ಲ. ಒಬ್ಬ ಮುಂದಾಳು ಸೊಲ್ಲನ್ನು ಎತ್ತಿಕೊಟ್ಟರೆ ಉಳಿದವರು ಹಿಮ್ಮೇಳವಾಗಿ ಪಲ್ಲವಿ ಹಿಡಿಯುವುದು, ಕೈತಟ್ಟುತ್ತ ಪಾದ ಎಳೆಯುತ್ತ ವೃತ್ತಾಕಾರವಾಗಿ ಸುತ್ತುವುದು ಈ ಗಾಯನದ ಕ್ರಮ. ಇದರಲ್ಲಿ ಆಫ್ರಿಕಾದ ಪರಂಪರೆಯ ಮುಂದುವರಿಕೆಯನ್ನು ವಿದ್ವಾಂಸರು ಗುರುತಿಸಿದ್ದಾರೆ.

ಈ ಹಾಡುಗಳ ಹುಟ್ಟಿನ ಬಗೆಗೆ ದೊರೆಯುವ ಒಂದು ವಿವರಣೆ ಜಾನಪದ ಅಧ್ಯಯನಕಾರರಿಗೆ ಬಹಳ ಅಮೂಲ್ಯವಾದುದು. ವಿಲಿಯಂ ಫ್ರಾನ್ಸಿಸ್ ಆಲೆನ್, ಚಾರ್ಲ್ಸ್ ಪಿಕರ್ಡ್ ವೇರ್ ಹಾಗೂ ಲೂಸಿ ಮೆಕಿಮ್ ಗ್ಯಾರಿಸನ್ ಸಂಪಾದಿಸಿ 1867ರಲ್ಲಿ ಪ್ರಕಟಿಸಿದ ‘ಸ್ಲೇವ್ ಸಾಂಗ್ಸ್ ಆಫ್ ದಿ ಯುನೈಟೆಡ್ ಸ್ಟೇಟ್ಸ್’ ಈ ಕ್ಷೇತ್ರದ ಮೊದಲ ಪ್ರಮುಖ ಸಂಕಲನ. ಅದರಲ್ಲಿ 136 ಹಾಡುಗಳಿವೆ. ಈ ಪದಗಳನ್ನು ಹೇಗೆ ಕಟ್ಟುತ್ತೀರಿ ಎಂದು ಕೇಳಿದಾಗ ಒಬ್ಬ ವಕ್ತೃ ನೀಡಿದ ಉತ್ತರ ಅದರ ಪ್ರಸ್ತಾವನೆಯಲ್ಲಿದೆ. ಒಡೆಯನು ತನ್ನ ಪಾಲಿನ ಜೋಳವನ್ನು ಕಡಿಮೆ ಮಾಡಿ ನೂರು ಛಡಿಯೇಟಿನ ಆಜ್ಞೆ ಮಾಡುತ್ತಾನೆ. ಅದನ್ನು ಕಂಡ ಗೆಳೆಯರು ಮರುಗುತ್ತಾರೆ. ಅಂದಿನ ರಾತ್ರಿಯ ಪ್ರಾರ್ಥನಾ ಕೂಟದಲ್ಲಿ ಅದನ್ನೇ ಹಾಡುತ್ತಾರೆ. ಅವರಲ್ಲಿ ಬಲ್ಲವರು ಅದನ್ನು ತಿದ್ದಿ ತೀಡಿ ಸರಿಯಾಗಿ ಕೂಡಿಸುತ್ತಾರೆ. ಇದು ಆತನ ಮಾತಿನ ಸಾರಾಂಶ. ಹಗಲು ಒಬ್ಬನ ಬೆನ್ನಿನ ಮೇಲೆ ಬಿದ್ದ ಪೆಟ್ಟು ರಾತ್ರಿಯ ಹೊತ್ತಿಗೆ ಇಡೀ ಕೂಟದ ಹಾಡಾಗುವ ಈ ಕ್ರಿಯೆಯಲ್ಲಿ, ಸಂಕಟವು ಒಂಟಿ ಮನುಷ್ಯನದಾಗಿ ಉಳಿಯುವುದಿಲ್ಲ. ನಿರೀಕ್ಷೆಯ ಮಾತು ಬರುವುದು ಅದಾದ ಮೇಲೆಯೇ.

ಸ್ಪಿರಿಚುವಲ್‌ಗಳಲ್ಲಿ ಬರುವ ಬೈಬಲ್ ಪಾತ್ರಗಳ ಆಯ್ಕೆಯೂ ಗಮನಾರ್ಹವಾಗಿದೆ. ಮೋಶೆ, ಸಿಂಹಗಳ ಗವಿಯಿಂದ ಬದುಕಿ ಬಂದ ದಾನಿಯೇಲ, ಮೀನಿನ ಹೊಟ್ಟೆಯಿಂದ ಪಾರಾದ ಯೋನ, ಬೆಂಕಿಯ ಕುಲುಮೆಯಲ್ಲಿ ಸುಡದೆ ಉಳಿದ ಮೂವರು ಯೆಹೂದ್ಯರು ಇಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾರೆ. ವಿಧೇಯತೆಯನ್ನು ಬೋಧಿಸುವ ಪತ್ರಿಕೆಗಳ ಸುಳಿವು ಇಲ್ಲಿ ಕಾಣುವುದಿಲ್ಲವೆಂದೇ ಹೇಳಬೇಕು. ಹೆಸರಾದ ಪಾತ್ರಗಳೆಲ್ಲ ಈ ಲೋಕದಲ್ಲಿಯೇ, ದೇಹಸಹಿತವಾಗಿ ಬಿಡುಗಡೆ ಪಡೆದವರು. ತಾವು ದೇವರು ಆರಿಸಿಕೊಂಡ ಜನ ಎಂಬ ಭಾವವೇ ಈ ಹಾಡುಗಳಲ್ಲಿ ಅತಿ ಹೆಚ್ಚಾಗಿ ಕಾಣುವ ಪ್ರತಿಮೆಯೆಂದು ಇತಿಹಾಸಕಾರ ಲಾರೆನ್ಸ್ ಲೆವಿನ್ ತಮ್ಮ 1977ರ ಗ್ರಂಥದಲ್ಲಿ ತೋರಿಸಿದ್ದಾರೆ. ತಮ್ಮ ಸಂಕಟವನ್ನು ಶಾಪವೆಂದಾಗಲಿ ಪಾಪದ ಫಲವೆಂದಾಗಲಿ ಕಾಣದೆ ಐಗುಪ್ತದ ದಾಸ್ಯವೆಂದು ಕಂಡವರಿಗೆ, ಆ ಕಥೆಯ ಕೊನೆಯೂ ತಮ್ಮದೇ ಆಗಿತ್ತು.

ಯೇಸುವಿನ ಚಿತ್ರಣದಲ್ಲಿಯೂ ಇದೇ ದೃಷ್ಟಿ ಇದೆ. ಶಿಲುಬೆಯ ಹಾಡುಗಳಲ್ಲಿ ಮೊಳೆ, ಈಟಿ, ಮರ, ಗೋರಿ ಎಲ್ಲವೂ ಕಣ್ಣೆದುರಿಗೆ ನಡೆದಂತೆ ಬರುತ್ತವೆ. ಪಾಪವಿಮೋಚನೆಯ ತಾತ್ವಿಕ ಚರ್ಚೆ ಅವುಗಳಲ್ಲಿ ವಿರಳ. ಕಟ್ಟಿಸಿಕೊಂಡು ಹೊಡೆಸಿಕೊಂಡವರು ತಮ್ಮಂತೆಯೇ ಕಟ್ಟಿಸಿಕೊಂಡು ಹೊಡೆಸಿಕೊಂಡವನನ್ನು ಗುರುತಿಸಿದ ಬಗೆ ಇದು. ನೋವಿನ ನುಡಿಯ ಬೆನ್ನಿಗೇ, ಸೇತುವೆಯಂತಹ ಮಾತೊಂದೂ ಇಲ್ಲದೆ, ಉದ್ಗಾರದ ಜಯಘೋಷ ಬರುವ ರಚನೆ ಕೆಲವು ಹಾಡುಗಳಲ್ಲಿದೆ. ಕಾಗದದ ಮೇಲೆ ಓದಿದವರಿಗೆ ಇದು ಅಸಂಗತವಾಗಿ ತೋರುತ್ತದೆ. ದಾಟಿಯೊಂದಿಗೆ ಕೇಳಿದವರಿಗೆ ಹಾಗೆ ತೋರುವುದಿಲ್ಲ. (ತಮ್ಮ ಸ್ವರಲಿಪಿಯು ಮೂಲದ ನೆರಳು ಮಾತ್ರವೆಂದು 1867ರ ಸಂಪಾದಕರೇ ಹೇಳಿಕೊಂಡಿದ್ದಾರೆ. ಕ್ಷೇತ್ರಕಾರ್ಯ ಮಾಡಿದ ಯಾರಿಗೂ ಇದು ಹೊಸ ಮಾತಲ್ಲ.)

ಹಾಡುತ್ತಿದ್ದಾರೆ, ಆದುದರಿಂದ ಸುಖವಾಗಿದ್ದಾರೆ ಎಂಬುದು ಒಡೆಯರ ವಾದವಾಗಿತ್ತು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1845ರ ತಮ್ಮ ಆತ್ಮಕಥನದಲ್ಲಿ ಈ ವಾದವನ್ನು ಖಂಡಿಸಿ, ಗುಲಾಮರು ಅತ್ಯಂತ ದುಃಖದಲ್ಲಿದ್ದಾಗಲೇ ಅತಿ ಹೆಚ್ಚು ಹಾಡುತ್ತಾರೆಂದು ಬರೆದರು. ಹಾಡಿನ ಕಾನಾನ್ ದೇಶವೆಂದರೆ ತಮಗೆ ಉತ್ತರದ ರಾಜ್ಯಗಳಾಗಿದ್ದವೆಂದು 1855ರ ಕೃತಿಯಲ್ಲಿ ಸ್ಪಷ್ಟಪಡಿಸಿದರು. ಕಪ್ಪು ಸೈನಿಕರ ದಳವೊಂದರ ನಾಯಕನಾಗಿದ್ದ ಥಾಮಸ್ ವೆಂಟ್‌ವರ್ತ್ ಹಿಗಿನ್‌ಸನ್ 1867ರ ಲೇಖನದಲ್ಲಿ ಇನ್ನೊಂದು ಪ್ರಸಂಗವನ್ನು ಕೊಟ್ಟಿದ್ದಾನೆ. ಅಂತರ್ಯುದ್ಧದ ಆರಂಭದಲ್ಲಿ ದಕ್ಷಿಣ ಕೆರೊಲಿನಾದ ಜಾರ್ಜ್‌ಟೌನ್‌ನಲ್ಲಿ ಬಿಡುಗಡೆಯ ಹಾಡೊಂದನ್ನು ಹಾಡಿದ್ದಕ್ಕಾಗಿ ಕಪ್ಪು ಜನರನ್ನು ಸೆರೆಮನೆಗೆ ಹಾಕಲಾಗಿತ್ತು. ಹಾಡಿನಲ್ಲಿದ್ದುದು ‘ಕರ್ತನು’ ಎಂಬ ಮಾತು. ಅಧಿಕಾರಿಗಳು ಅದನ್ನು ಉತ್ತರದ ಸೈನ್ಯವೆಂದು ಭಾವಿಸಿದರೆಂದು ನಗಾರಿ ಬಾರಿಸುವ ಹುಡುಗನೊಬ್ಬ ಹಿಗಿನ್‌ಸನ್‌ನಿಗೆ ವಿವರಿಸಿದನು.

ಆದರೆ ಪ್ರತಿ ಹಾಡೂ ಗುಪ್ತ ಸಂಕೇತ, ಪ್ರತಿ ನದಿಯೂ ಓಡುದಾರಿಯ ನಕ್ಷೆ ಎನ್ನುವ ಜನಪ್ರಿಯ ವಾದವನ್ನು ಎಚ್ಚರದಿಂದ ನೋಡಬೇಕು. ನಕ್ಷತ್ರವನ್ನು ಅನುಸರಿಸಿ ಓಡುವ ದಾರಿ ಹೇಳುತ್ತದೆಂದು ಪ್ರಸಿದ್ಧವಾದ ಹಾಡು ಮೊದಲು ಅಚ್ಚಾದುದು 1928ರಲ್ಲಿ, ಅಂದರೆ ಗುಲಾಮಗಿರಿ ರದ್ದಾಗಿ 63 ವರ್ಷಗಳ ಮೇಲೆ. ಇದಕ್ಕೆ ವಿರುದ್ಧವಾಗಿ, ಈ ಹಾಡುಗಳು ಪರಲೋಕದ ಕನಸಿನಿಂದ ಇಹದ ನೋವನ್ನು ಮರೆಸುವ ಸಾಂತ್ವನಗಳೆಂಬ ಅಭಿಪ್ರಾಯವೂ ಇದೆ. ಬೆಂಜಮಿನ್ ಮೇಸ್ ಅವರ 1938ರ ಗ್ರಂಥವು ಇವನ್ನು ಬಹುಮಟ್ಟಿಗೆ ಹಾಗೆಯೇ ಗ್ರಹಿಸಿತು. ಜೇಮ್ಸ್ ಕೋನ್ 1972ರಲ್ಲಿ ಇದನ್ನು ಒಪ್ಪದೆ, ಪರಲೋಕದ ಮಾತೇ ಈ ಲೋಕದ ವ್ಯವಸ್ಥೆಯನ್ನು ಅಂತಿಮವೆಂದು ಒಪ್ಪದಿರುವ ಮಾತು ಎಂದು ವಾದಿಸಿದರು. ಜಾರ್ಜ್‌ಟೌನ್‌ನ ಸೆರೆಮನೆ ಕೋನ್ ಅವರ ಪಕ್ಷಕ್ಕೇ ಹೆಚ್ಚು ಬಲ ಕೊಡುತ್ತದೆ.

1865ರಲ್ಲಿ ಗುಲಾಮಗಿರಿ ರದ್ದಾದ ನಂತರ ಈ ಹಾಡುಗಳು ಅಳಿಯಬಹುದಾಗಿತ್ತು. 1866ರಲ್ಲಿ ನ್ಯಾಶ್‌ವಿಲ್‌ನಲ್ಲಿ ಆರಂಭವಾದ ಫಿಸ್ಕ್ ಶಾಲೆಯ ವಿದ್ಯಾರ್ಥಿಗಳಿಗೆ ಇವು ದಾಸ್ಯದ ನೆನಪು. ತಮ್ಮ ಹೆತ್ತವರಿಗೆ ಪವಿತ್ರವಾದುವು. ವೇದಿಕೆಯಲ್ಲಿ ಹಾಡಲು ಅವರಿಗೆ ಮನಸ್ಸಿರಲಿಲ್ಲ. ಶಾಲೆಯ ಸಾಲ ತೀರಿಸಲು 1871ರ ಅಕ್ಟೋಬರಿನಲ್ಲಿ ಹೊರಟ ಒಂಬತ್ತು ಮಂದಿಯ ತಂಡಕ್ಕೆ ಕ್ರಮೇಣ ಇವೇ ಹೆಸರು ತಂದವು. ‘ಜ್ಯೂಬಿಲಿ ಸಿಂಗರ್ಸ್’ ಎಂಬ ತಂಡದ ಹೆಸರೂ ಯಾಜಕಕಾಂಡದಲ್ಲಿ ಹೇಳಿದ, ದಾಸರು ಬಿಡುಗಡೆ ಹೊಂದುವ ಐವತ್ತನೆಯ ವರ್ಷದಿಂದ ಬಂದುದು. ಡಬ್ಲ್ಯು. ಇ. ಬಿ. ಡು ಬಾಯ್ಸ್ ತಮ್ಮ 1903ರ ಕೃತಿಯ ಕೊನೆಯ ಅಧ್ಯಾಯವನ್ನು ಇವುಗಳಿಗೇ ಮೀಸಲಿಟ್ಟು, ಇವನ್ನು ದುಃಖಗೀತೆಗಳೆಂದು ಕರೆದರು. ಆ ದುಃಖದೊಳಗೆ ನ್ಯಾಯದಲ್ಲಿಟ್ಟ ನಂಬಿಕೆ ಉಸಿರಾಡುವುದನ್ನೂ ಗುರುತಿಸಿದರು.

ಈ ಪರಂಪರೆಗೆ ಭಾರತದೊಂದಿಗೆ ಒಂದು ನಂಟಿದೆ. ಕಪ್ಪು ಜನಾಂಗದ ಚಿಂತಕ ಹೊವಾರ್ಡ್ ಥರ್ಮನ್ 1935ರಲ್ಲಿ ಈ ಭಾಗಕ್ಕೆ ಬಂದಾಗ, ನಿಮ್ಮ ಪೂರ್ವಿಕರನ್ನು ಗುಲಾಮರನ್ನಾಗಿಸಿದವರ ಧರ್ಮವನ್ನು ನೀವು ಹೊತ್ತು ಬಂದಿರುವುದೇಕೆ ಎಂದು ಕೊಲಂಬೊದಲ್ಲಿ ವಕೀಲರೊಬ್ಬರು ಪ್ರಶ್ನಿಸಿದರು. 1936ರ ಫೆಬ್ರವರಿಯಲ್ಲಿ ಬಾರ್ಡೋಲಿಯಲ್ಲಿ ಗಾಂಧೀಜಿಯವರನ್ನು ಭೇಟಿಯಾದಾಗ ಥರ್ಮನ್ ಅವರ ಪತ್ನಿ ಸ್ಯೂ ಬೇಯ್ಲಿ ಥರ್ಮನ್ ಸ್ಪಿರಿಚುವಲ್‌ಗಳನ್ನು ಹಾಡಿದರು. ಅವುಗಳಲ್ಲಿ ಒಂದು ಶಿಲುಬೆಯ ಹಾಡು. ಕೊಲಂಬೊದ ಪ್ರಶ್ನೆಗೆ ಥರ್ಮನ್ ವಿಸ್ತಾರವಾದ ಉತ್ತರ ಬರೆದುದು 1949ರ ‘ಜೀಸಸ್ ಅಂಡ್ ದಿ ಡಿಸಿನ್‌ಹೆರಿಟೆಡ್’ ಕೃತಿಯಲ್ಲಿ. ಅಲ್ಲಿ ಅವರು ತಮ್ಮ ಅಜ್ಜಿಯ ಸಂಗತಿಯನ್ನು ಹೇಳುತ್ತಾರೆ. ಗುಲಾಮಳಾಗಿ ಹುಟ್ಟಿ ಓದು ಬಾರದೆ ಉಳಿದಿದ್ದ ಆಕೆ ಮೊಮ್ಮಗನಿಂದ ಬೈಬಲ್ ಓದಿಸಿ ಕೇಳುತ್ತಿದ್ದಳು. ಆದರೆ ಪೌಲನ ಪತ್ರಿಕೆಗಳನ್ನು ಓದಗೊಡುತ್ತಿರಲಿಲ್ಲ. ಒಡೆಯನ ಬೋಧಕನು ಪದೇ ಪದೇ ಓದುತ್ತಿದ್ದ ಆ ವಿಧೇಯತೆಯ ಮಾತನ್ನು, ಬಿಡುಗಡೆಯಾದರೆ ಇನ್ನೆಂದೂ ಕೇಳೆನೆಂದು ಆಕೆ ನಿಶ್ಚಯಿಸಿಕೊಂಡಿದ್ದಳು. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 13ನೆಯ ಅಧ್ಯಾಯಕ್ಕೆ ಮಾತ್ರ, ಅದೂ ಯಾವಾಗಲಾದರೊಮ್ಮೆ, ಅನುಮತಿಯಿತ್ತು. ಅದು ಪ್ರೀತಿಯನ್ನು ಕುರಿತ ಅಧ್ಯಾಯ.