ಸಂದೇಶದ ವೇಗಕ್ಕೊಂದು ಕಡಿವಾಣ



ಊರ ಕಟ್ಟೆಯ ಮೇಲೆ ಹುಟ್ಟಿದ ಸುದ್ದಿಗೆ ಹೇಳಿದವರ ಮುಖವಿರುತ್ತದೆ. ‘ನೀನು ಕಣ್ಣಾರೆ ಕಂಡೆಯಾ?’ ಎಂದು ಕೇಳುವ ಹಿರಿಯರೊಬ್ಬರು ಅಲ್ಲಿಯೇ ಇರುತ್ತಾರೆ. ಮೊಬೈಲಿನ ಗುಂಪುಗಳಲ್ಲಿ ಇಂತಹ ತಡೆಯನ್ನು ತಂತ್ರಾಂಶ ರೂಪಿಸುವವರೇ ಕಲ್ಪಿಸಬೇಕಾಗುತ್ತದೆ. ಕಲ್ಪಿಸದಿದ್ದರೆ ಏನಾಗುವುದೆಂಬುದನ್ನು ನಮ್ಮ ನಾಡು ಕಂಡಿದೆ.

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ ಹೈದರಾಬಾದಿನ ಯುವಕನೊಬ್ಬ ಉದ್ರಿಕ್ತ ಜನರ ಹಲ್ಲೆಗೆ ಬಲಿಯಾದನು. ಮಕ್ಕಳಿಗೆ ಚಾಕೊಲೇಟು ಹಂಚಿದ ಅಪರಿಚಿತರನ್ನು ಮಕ್ಕಳ ಕಳ್ಳರೆಂದು ಶಂಕಿಸಲಾಗಿತ್ತು. ಅವರ ಕಾರಿಗಿಂತ ಮುಂಚೆ ವಾಟ್ಸಾಪ್ ಸಂದೇಶ ಮುಂದಿನ ಊರನ್ನು ತಲುಪಿತ್ತು.

ಆಗ ಒಂದು ಗುಂಪಿನಲ್ಲಿ ಗರಿಷ್ಠ 256 ಜನರಿರಬಹುದಿತ್ತು. ಒಬ್ಬನು ಒಂದೇ ಸಲಕ್ಕೆ 20 ಗುಂಪುಗಳಿಗೆ ಕಳುಹಿಸಿದರೆ ಸಂದೇಶವು ಐದು ಸಾವಿರ ಜನರನ್ನು ಮುಟ್ಟುವುದು. ವಾಟ್ಸಾಪ್ ಸಂದೇಶಗಳು 2016ರಿಂದ ಪೂರ್ಣ ಗೂಢಲಿಪಿಯಲ್ಲಿ ಸಾಗುವುದರಿಂದ ಸಂಸ್ಥೆಯೂ ಅವುಗಳನ್ನು ಓದಲಾರದು. ಓದದೆ ಸತ್ಯಾಸತ್ಯತೆಯನ್ನು ಬೇರ್ಪಡಿಸಲಾರದು. ಆದ್ದರಿಂದ ಅದು ವಿಷಯದ ಗೊಡವೆಗೆ ಹೋಗದೆ ವೇಗಕ್ಕೆ ಕಡಿವಾಣ ಹಾಕಿತು.

2018ರ ಜುಲೈನಲ್ಲಿಯೇ ‘ಫಾರ್ವರ್ಡ್’ ಎಂಬ ಗುರುತು ಬಂದಿತು. ಭಾರತದಲ್ಲಿ ಒಮ್ಮೆಗೆ ಐದೇ ಕಡೆಗೆ ರವಾನೆ ಎಂಬ ಮಿತಿಯೂ ಬಂದು, ಮರುವರ್ಷ ಜಗತ್ತಿಗೆಲ್ಲ ಅನ್ವಯವಾಯಿತು. ಸಂದೇಶದೊಂದಿಗೇ ಸಾಗುವ ಒಂದು ಎಣಿಕೆ, ಅದು ಎಷ್ಟು ಕೈ ದಾಟಿದೆ ಎಂಬುದನ್ನು ತಿಳಿಸುತ್ತದೆ. ಐದು ಅಥವಾ ಹೆಚ್ಚು ಕೈ ದಾಟಿದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದೆಂಬ ನಿಯಮ 2020ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಅದರಿಂದ ಅಂತಹ ಸಂದೇಶಗಳ ಹರಿವು ಶೇಕಡ 70ರಷ್ಟು ತಗ್ಗಿತೆಂದು ಸಂಸ್ಥೆ ತಿಳಿಸಿತು.

ಅಡ್ಮಿನ್ ಮಾತ್ರ ಬರೆಯಬಹುದಾದ ವ್ಯವಸ್ಥೆಯೂ 2018ರದೇ. ಅದರಿಂದ ವದಂತಿ ತಗ್ಗುತ್ತದೆ; ಆದರೆ ‘ಇದು ನಿಜವೇ?’ ಎಂಬ ಪ್ರಶ್ನೆಯೂ ಅಡಗುತ್ತದೆ. ಆದಕಾರಣ ಪ್ರಕಟಣೆಗಳಿಗೆ ಒಂದು ಗುಂಪು, ಚರ್ಚೆಗೆ ಇನ್ನೊಂದು ಗುಂಪು ಇರುವುದು ಲೇಸು.

ತಂತ್ರಾಂಶವು ಕೊಡಬಲ್ಲದ್ದು ಒಂದು ಕ್ಷಣದ ಬಿಡುವು ಮಾತ್ರ. ಆ ಕ್ಷಣದಲ್ಲಿ ಕಟ್ಟೆಯ ಹಿರಿಯರು ಕೇಳುತ್ತಿದ್ದ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕು. ಊರಿನ, ಓಣಿಯ ಗುಂಪುಗಳನ್ನು ನಡೆಸುತ್ತಿರುವ ಸದ್ಭಕ್ತರು ಇದನ್ನು ಮೊದಲು ಮನಗಾಣಬೇಕೆಂದು ವಿನಂತಿ.